ಕಾಲರಿನೊಳಗಿನ ಬಟ್ಟೆ

ನಮ್ಮ ಬೀದಿಯ ಟೈಲರ್ ಮಾಸ್ಟರು ಬಟ್ಟೆಯೇ ಇಲ್ಲದೆ ಹೊಲಿಗೆ ಮಿಷನ್ ಓಡಿಸುತ್ತಿದ್ದ ಕಾಲವೊಂದಿತ್ತು. ಚಾಡಿ ಹೇಳುತ್ತಿಲ್ಲ, ಇಡೀ ಬೀದಿ ಕಂಡದ್ದು. ಬೆಳಗ್ಗೆ ಶಟರ್ ಎತ್ತಿ, ನೆಲ ಗುಡಿಸಿ, ಆಳೆತ್ತರದ ಕನ್ನಡಿ ಒರೆಸಿ, ಮಿಷನ್ ಮುಂದೆ ಕೂತು ಪೆಡಲ್ ತುಳಿಯುತ್ತಿದ್ದರು. ಸೂಜಿ ಏರುತ್ತಿತ್ತು, ಇಳಿಯುತ್ತಿತ್ತು. ಸೂಜಿಯಲ್ಲಿ ದಾರವಿಲ್ಲ, ಕೆಳಗೆ ಬಟ್ಟೆಯಿಲ್ಲ. ಸದ್ದು ಮಾತ್ರ ಭರ್ಜರಿ. ಮಾಸ್ಟರಿಗೆ ತಲೆ ಕೆರೆಯಲು ಪುರಸೊತ್ತಿಲ್ಲ ಅಂತ ದಾರಿಹೋಕರು ಅಂದುಕೊಳ್ಳಬೇಕು, ಅಷ್ಟೇ.

ದಾರಿಹೋಕರು ಅಂದುಕೊಂಡರೋ ಇಲ್ಲವೋ. ಯಾರ ಕಿವಿಗೆ ಆ ಸದ್ದು ಬೀಳಲಿ ಎಂದಿತ್ತೋ ಅವಳು ಮಾತ್ರ ಒಂದು ದಿನ ಪಕ್ಕದ ಮೆಟ್ಟಿಲ ಕೆಳಗಿನಿಂದ ತಲೆ ಹೊರಗೆ ಹಾಕಿ ಹೇಳಿಯೇಬಿಟ್ಟಳು:

"ಮಾಸ್ಟ್ರೇ, ಬಟ್ಟೆ ಇಡ್ದೆ ಓಡಿಸ್ಬೇಡಿ. ಹಲ್ಲು ಸವೆದುಹೋಗತ್ತೆ."

ಹಲ್ಲು ಎಂದರೆ ಸೂಜಿಯ ಕೆಳಗಿದ್ದು ಬಟ್ಟೆಯನ್ನು ಮುಂದೆ ಮುಂದೆ ತಳ್ಳುವ ಕಬ್ಬಿಣದ ಹಲ್ಲು. ಬಟ್ಟೆಯಿಲ್ಲದೆ ಓಡಿದರೆ ಅದು ಮೇಲಿನಿಂದ ಬಟ್ಟೆಯನ್ನು ಒತ್ತಿ ಹಿಡಿಯುವ ಕಬ್ಬಿಣದ ಕಾಲಿಗೆ ಉಜ್ಜಿ ಸವೆಯುತ್ತದೆ. ಆ ಸದ್ದೇ ಬೇರೆ. ಮಿಷನ್ ತುಳಿದು ಬದುಕಿದವರಿಗೆ ಅದು ಕಣ್ಣುಮುಚ್ಚಿದ್ದರೂ ಗೊತ್ತಾಗುತ್ತದೆ. ಎದುರಿನ ಇಸ್ತ್ರಿಯವನು ನಕ್ಕ ರಭಸಕ್ಕೆ ಪೆಟ್ಟಿಗೆಯ ಬೂದಿ ಯಾರದೋ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ಮಾಸ್ಟರು ಪೆಡಲ್ ನಿಲ್ಲಿಸಿದರು. ಆವತ್ತು ಸವೆದದ್ದು ಮಿಷನ್ನಿನ ಹಲ್ಲೋ, ಅವರು ಕಚ್ಚಿ ಹಿಡಿದ ಸ್ವಂತ ಹಲ್ಲೋ, ಹೇಳುವುದು ಕಷ್ಟ.

ಮಾಸ್ಟರು ಸೋದರಮಾವನ ಅಂಗಡಿಯಲ್ಲಿ ನೆಲದ ಮೇಲೆ ಕೂತು ಗುಂಡಿಯ ಕಾಜಾ ಹೊಲಿಯುತ್ತ ಕೆಲಸ ಕಲಿತವರು. ಮಾವನ ಕೈಯಲ್ಲಿ ಸ್ಕೇಲಿನ ಏಟು ತಿಂದು ತಿಂದೇ ಕತ್ತರಿ ಹಿಡಿದವರು. ತಮ್ಮದೇ ಅಂಗಡಿಯಾದ ಮೇಲೆ ಅವರು ಮಾಡಿದ ಮೊದಲ ಕೆಲಸ ಬೋರ್ಡು ಬರೆಸಿದ್ದು: "ಹೊಸ ಬಟ್ಟೆ ಮಾತ್ರ. ಆಲ್ಟ್ರೇಷನ್ ಕೇಳಬೇಡಿ." ಆ "ಕೇಳಬೇಡಿ"ಯ ಕೆಳಗೆ ಕೆಂಪು ಗೆರೆ. ಹರಿದದ್ದು, ಸಡಿಲಾದದ್ದು, ಅಣ್ಣನದನ್ನು ತಮ್ಮನಿಗೆ ಕಿರಿದು ಮಾಡುವುದು, ಇದ್ಯಾವುದನ್ನೂ ಮುಟ್ಟುವ ಕೈ ಅದಲ್ಲ. ಅಳತೆ ತೆಗೆಯುವಾಗ ಟೇಪನ್ನು ಗಿರಾಕಿಯ ಕುತ್ತಿಗೆಗೆ ಸುತ್ತಿ ತಪ್ಪದೆ ಹೇಳುವ ಮಾತೊಂದಿತ್ತು: "ಶರ್ಟ್ ಅಂದ್ರೆ ಕಾಲರ್ ಸಾರ್. ಕಾಲರ್ ಅಂದ್ರೆ ಹೊರಗೆ ಕಾಣೋದಲ್ಲ, ಒಳಗಿರೋದು."

ಒಳಗಿರಬೇಕಾದದ್ದು ಬಕ್ರಂ. ಕಾಲರ್ ಬಿರುಸಾಗಿ ನಿಲ್ಲಲೆಂದು ಎರಡು ಪದರದ ನಡುವೆ ಇಟ್ಟು ಹೊಲಿಯುವ ಗಟ್ಟಿ ಬಟ್ಟೆ ಅದು. ಮಾಸ್ಟರ ಕಾಲರಿನೊಳಗೆ ಇರುತ್ತಿದ್ದದ್ದು ಮೈದಾ ಚೀಲದ ಬಟ್ಟೆ. ಹಿಂದೊಮ್ಮೆ ಊರಿಗೆ ಬಕ್ರಂ ಬಾರದೇಹೋದಾಗ ಬೇಕರಿಯವನಿಂದ ಖಾಲಿ ಚೀಲ ತಂದು, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಒಳಗಿಟ್ಟರು. ಹೊಸತರಲ್ಲಿ ಅದೂ ಬಿರುಸಾಗಿಯೇ ನಿಂತಿತು. ಯಾರೂ ಕೇಳಲಿಲ್ಲ. ಆಮೇಲೆ ಬಕ್ರಂ ಬಂತು, ಚೀಲ ಮಾತ್ರ ಹೋಗಲಿಲ್ಲ. ಬಿಲ್ಲಿನಲ್ಲಿ ಬಕ್ರಂ, ಕಾಲರಿನಲ್ಲಿ ಮೈದಾ ಚೀಲ. ಇದು ಗೊತ್ತಿದ್ದದ್ದು ಅವರಿಗೆ ಮತ್ತು ಮನೆಯಲ್ಲಿ ಕೂತು ಗುಂಡಿ ಹಾಕುವ ಹೆಂಡತಿಗೆ. ಕಾಲರನ್ನು ಬಿಚ್ಚಿ ನೋಡುವವರು ಲೋಕದಲ್ಲಿ ಯಾರಿದ್ದಾರೆ?

ಅಂಥ ಒಬ್ಬಳು ಬಂದಳು.

ಗಡಿಯಾಚೆ ಯುದ್ಧ ಶುರುವಾದಾಗ ನಮ್ಮೂರಿಗೆ ಮೊದಲು ಬಂದದ್ದು ಸುದ್ದಿ, ಆಮೇಲೆ ಬೆಲೆಯೇರಿಕೆ, ಕೊನೆಗೆ ಜನ. ಹೆದ್ದಾರಿ ಮುಚ್ಚಿತು. ಬಟ್ಟೆಯ ಲಾರಿ ನಿಂತಿತು. ಮದುವೆ ಇಟ್ಟುಕೊಂಡವರು ಮುಂದೂಡಿದರು. ಊರ ಹೊರಗಿನ ಬೀಗ ಬಿದ್ದ ಮಿಲ್ಲಿನ ಅಂಗಳದಲ್ಲಿ ನೀಲಿ ಪಟ್ಟಿಯ ಡೇರೆಗಳು ಎದ್ದವು. ಬಂದವರದು ನಮ್ಮದೇ ಮಾತು, ರಾಗ ಸ್ವಲ್ಪ ಬೇರೆ. ಅವರಿಗೆ ಊಟ ಕೊಟ್ಟರು, ಹೊದಿಕೆ ಕೊಟ್ಟರು, ಜೊತೆಗೆ ಗೇಟಿನಲ್ಲಿ ನಿಯಮದ ಬೋರ್ಡನ್ನೂ ಕೊಟ್ಟರು: ಪರಿಹಾರದ ಸಾಮಾನು ಬೇರೆ ಕೆಲಸಕ್ಕೆ ಬಳಸಿದರೆ ಜಾಗ ಖಾಲಿ. ಬಿರುಗಾಳಿಗೆ ಹರಿದ ಡೇರೆಗಳನ್ನು ಮಿಲ್ಲಿನ ಹಿಂದೆ ರಾಶಿ ಹಾಕಿ ಕೊಳೆಯಲು ಬಿಟ್ಟಿದ್ದರು. ಅದರಿಂದ ಒಂದು ಚೂರು ಹರಿದು ಮಗುವಿಗೆ ಚೀಲ ಹೊಲಿದ ಹೆಂಗಸನ್ನು ಗಂಟುಮೂಟೆ ಸಮೇತ ಆಚೆಗೆ ಹಾಕಿದರು. ಕೊಳೆತರೆ ನಿಯಮ, ಬಳಸಿದರೆ ಕಳ್ಳತನ. ಇಂಥ ಬುದ್ಧಿ ಬರಲು ದೊಡ್ಡ ಓದೇ ಬೇಕು.

ಆ ಅಂಗಳದಿಂದ ದಿನಾ ಬೆಳಗ್ಗೆ ನೀರಿನ ಕ್ಯಾನು ಹಿಡಿದು ನಮ್ಮ ಬೀದಿಯ ನಲ್ಲಿಗೆ ಬರುತ್ತಿದ್ದವಳು ಈ ಅಕ್ಕ. ವಯಸ್ಸು ನಲವತ್ತರ ಆಚೀಚೆ, ಗಿಡ್ಡ ಆಳು, ದೊಡ್ಡ ಗಂಟಲು. ಗಂಡ ಹಿಂದೆ ಶಾಲೆಯ ಬಸ್ ಓಡಿಸುತ್ತಿದ್ದವನು, ಈಗ ಮಿಲ್ಲಿನ ಗೇಟಿನಲ್ಲಿ ಕೂತು ರಸ್ತೆ ಯಾವಾಗ ತೆರೆಯುತ್ತದೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದವನು. ನೀರು ತುಂಬುವಷ್ಟು ಹೊತ್ತು ಅವಳು ಮಾಸ್ಟರ ಅಂಗಡಿಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಕ್ಯಾನು ತುಂಬಿ ಹೊರಚೆಲ್ಲಿದರೂ ನೋಡುತ್ತಿದ್ದಳು. ಪಾಪ, ಏನೋ ನೆನಪು ಎಂದುಕೊಂಡರು ಕಂಡವರು.

ಒಂದು ದಿನ ಮಾಸ್ಟರ ಅಂಗಡಿಯ ಮೇಲಿನ ಮಹಡಿ ಅಜ್ಜಿಯ ಬಾಗಿಲು ತಟ್ಟಿದಳು. ಆ ಕಟ್ಟಡ ಅಜ್ಜಿಯದೇ, ಮಾಸ್ಟರು ಬಾಡಿಗೆಯವರು.

"ಅಜ್ಜಿ, ಮೆಟ್ಟಿಲ ಕೆಳಗೆ ಖಾಲಿ ಇದೆಯಲ್ಲ, ಅಲ್ಲಿ ಕೂತ್ಕೋಬಹುದಾ?"

"ಕೂತು ಏನ್ಮಾಡ್ತೀಯೇ?"

"ಕಾಲರ್ ತಿರುಗಿಸ್ತೀನಿ."

"ಅಂದ್ರೆ?"

ಅವಳು ಅಲ್ಲೇ ಹಗ್ಗದ ಮೇಲೆ ಒಣಗುತ್ತಿದ್ದ ಅಜ್ಜಿಯ ತಮ್ಮನ ಶರ್ಟು ತೋರಿಸಿದಳು. ಕುತ್ತಿಗೆಗೆ ಉಜ್ಜಿ ಉಜ್ಜಿ ಕಾಲರಿನ ಮಡಿಕೆ ಹರಿದು ಎಳೆ ಎದ್ದಿತ್ತು. ಉಳಿದ ಶರ್ಟು ಗಟ್ಟಿಮುಟ್ಟು. ಬ್ಲೇಡಿನಿಂದ ಕಾಲರಿನ ಹೊಲಿಗೆ ಬಿಚ್ಚಿ, ಅದನ್ನು ಹಾಗೇ ಮಗುಚಿ, ಹರಿದ ಮಗ್ಗುಲು ಕೆಳಗೆ ಅಡಗುವಂತೆ, ಒಳಗಡೆ ನೆರಳಲ್ಲಿದ್ದ ಹೊಸ ಮಗ್ಗುಲು ಮೇಲೆ ಬರುವಂತೆ ಮತ್ತೆ ಹೊಲಿದುಬಿಟ್ಟರೆ ಶರ್ಟಿಗೆ ಇನ್ನೊಂದು ಆಯಸ್ಸು. ಅಜ್ಜಿ ಕನ್ನಡಕ ಏರಿಸಿ ಶರ್ಟನ್ನೂ ಅವಳನ್ನೂ ನೋಡಿದರು.

"ಬಾಡಿಗೆ ಬೇಡ. ದಿನಾ ಮೆಟ್ಟಿಲು ತೊಳಿ. ಆಮೇಲೆ ನನ್ನ ತಮ್ಮನ ಕುತ್ತಿಗೆ ಮೊದಲು ನೋಡು, ನೆಂಟರ ಮುಂದೆ ಮಾನ ಹೋಗ್ತಿದೆ."

ಗುಜರಿಯಲ್ಲಿ ಸಿಕ್ಕ ಕೈಮಿಷನ್ನು, ಒಂದು ಮುಕ್ಕಾಲಿ ಸ್ಟೂಲು, ತಲೆ ಎತ್ತಿದರೆ ಮೆಟ್ಟಿಲಿಗೆ ಬಡಿಯುವಷ್ಟು ಎತ್ತರ. ಅಂಗಡಿ ಶುರುವಾಯಿತು.

ಹೊಸ ಬಟ್ಟೆ ಯಾರಿಗೂ ಎಟುಕದ ಕಾಲ. ಹಳೆಯದನ್ನು ಹೊಸದಾಗಿ ಕಾಣಿಸುವವಳು ಸಿಕ್ಕರೆ ಬಿಡುತ್ತಾರೆಯೆ? ಬ್ಯಾಂಕಿನ ಗುಮಾಸ್ತ ಬಂದ, ಮೇಷ್ಟ್ರು ಬಂದರು, ಕಂಪೌಂಡರ್ ಬಂದ. ಮೊದಮೊದಲು ಶರ್ಟನ್ನು ಪೇಪರಿನಲ್ಲಿ ಸುತ್ತಿ, ಏನೋ ಕದ್ದು ತಂದವರಂತೆ. ಆಮೇಲೆ ರಾಜಾರೋಷವಾಗಿ, ಹೆಗಲ ಮೇಲೆ ಹಾಕಿಕೊಂಡು. "ಕಾಲರ್ ಅಕ್ಕ" ಎಂಬ ಹೆಸರು ತಾನಾಗಿ ಅಂಟಿತು. ಅವಳೇನು ಸಾಧುವಲ್ಲ. ಬೆವರಿನ ಕೊಳೆ ಇದ್ದರೆ ಎದುರಿಗೇ ಮೂಗು ಮುಚ್ಚಿಕೊಂಡು "ಮೊದ್ಲು ಒಗೆದು ತನ್ನಿ, ನಾನು ಟೈಲರು, ದೋಬಿಯಲ್ಲ" ಎನ್ನುವಳು. ಎದುರಿನ ಇಸ್ತ್ರಿಯವನಿಗೂ ಖುಷಿ, ಒಗೆಸುವ ಗಿರಾಕಿಗಳು ಅವನ ಪಾಲು.

ಮಾಸ್ಟರಿಗೆ ಮಾತ್ರ ಅನ್ನ ರುಚಿಸಲಿಲ್ಲ. ಹೊಟ್ಟೆಕಿಚ್ಚು ಎಂಬುದು ನಮ್ಮ ಕಥೆಗಳಲ್ಲಿ ದೊಡ್ಡ ದೊಡ್ಡ ಕೆಲಸ ಮಾಡಿಸುತ್ತದೆ. ನಿಜದಲ್ಲಿ ಅದು ಮಾಡಿಸುವುದೆಲ್ಲ ಸಣ್ಣ ಕೆಲಸ. ಮಾಸ್ಟರು ಮಾಡಿದ ಮೊದಲ ಕೆಲಸ, ಟ್ರಯಲ್ ನೋಡುವ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದ್ದು. ಮಿಷನ್ ಮುಂದೆ ಕೂತಲ್ಲಿಂದಲೇ ಅದರಲ್ಲಿ ಮೆಟ್ಟಿಲ ಕೆಳಗಿನ ಗಿರಾಕಿಗಳ ಸಾಲು ಕಾಣುತ್ತಿತ್ತು. ಅಪರೂಪಕ್ಕೆ ಪ್ಯಾಂಟು ಹೊಲಿಸಲು ಬಂದ ಒಬ್ಬ ಗಿರಾಕಿ ಕನ್ನಡಿಯಲ್ಲಿ ತನ್ನ ಅರ್ಧ ಮೈ ಮಾತ್ರ ಕಂಡು ಗಾಬರಿಯಾದ.

"ಮಾಸ್ಟ್ರೇ, ಇನ್ನೊಂದು ಕಾಲೆಲ್ಲಿ?"

"ಇದೆ, ಇದೆ. ಸ್ವಲ್ಪ ಆ ಕಡೆ ಸರೀರಿ. ಅಲ್ಲ, ಅಷ್ಟು ಬೇಡ, ಸಾಲು ಮರೆಯಾಗತ್ತೆ."

ಮನೆಯಲ್ಲೂ ಅದೇ ಧ್ಯಾನ. ಊಟಕ್ಕೆ ಕೂತರೆ ಕಾಲರ್ ಅಕ್ಕನ ಹತ್ತಿರ ಇವತ್ತು ಯಾರ‍್ಯಾರು ಬಂದರು, ಯಾರು ನಗುತ್ತ ಹೋದರು, ಅವಳು ಕಾಲು ಚಾಚಿ ಹೇಗೆ ಕೂತಿದ್ದಳು.

"ಕಂಪೌಂಡರ್ ಬಂದಿದ್ದ ಕಣೇ. ನಾನು ಹೊಲಿದ ಶರ್ಟು! ನನ್ನ ಬಾಗಿಲ ಮುಂದೇನೇ ಹಾದು ಅವಳ ಹತ್ರ ಹೋದ."

"ನಿಮ್ಮ ಹತ್ರ ಬಂದಿದ್ರೆ ಏನ್ ಮಾಡ್ತಿದ್ರಿ?" ಹೆಂಡತಿ ಗುಂಡಿಗೆ ದಾರ ಪೋಣಿಸುತ್ತ ಕೇಳಿದಳು.

"ಆಲ್ಟ್ರೇಷನ್ ಇಲ್ಲ ಅಂತಿದ್ದೆ."

"ಹಾಗಾದ್ರೆ ಕಳ್ಕೊಂಡಿದ್ದೇನು?"

"ಅದಲ್ವೇ. ಹಳೇ ಬಟ್ಟೆ ಮುಟ್ಟೋ ಕೈಯಲ್ಲ ಇದು."

"ಆ ಕೈ ಈಗ ಏನ್ ಮುಟ್ತಿದೆ? ಗಾಳೀನಾ? ಬೋರ್ಡ್ ಅಳಿಸಿ ಅಂದ್ರೆ ಆಗಲ್ಲ. ಬರೀ ಮಿಷನ್ ತುಳ್ದು ತುಳ್ದು ಚಪ್ಪಲಿ ಸವೆಸ್ತಾ ಇದೀರ."

ಇದರ ನಡುವೆ ಕೈಯಲ್ಲಿ ಕ್ಯಾಮೆರಾ ಹಿಡಿದ ಪರೋಪಕಾರಿಗಳ ತಂಡವೊಂದು ಬಂತು. ಒಬ್ಬರು ಮೇಡಂ ಮೆಟ್ಟಿಲ ಕೆಳಗೆ ಬಗ್ಗಿ, ತಲೆ ಬಡಿಸಿಕೊಂಡು, ಆದರೂ ನಗುತ್ತಲೇ ಕೇಳಿದರು: "ಇಷ್ಟೊಂದು ಕಷ್ಟದಲ್ಲೂ ಸ್ವಂತ ಅಂಗಡಿ ತೆರೆಯೋಕೆ ನಿಮಗೆ ಸ್ಫೂರ್ತಿ ಏನು?" ಕಾಲರ್ ಅಕ್ಕ ಕೈಮುಗಿದು "ನಿಮ್ಮೆಲ್ಲರ ಆಶೀರ್ವಾದ" ಎಂದಳು. ಅವರಿಗೆ ಬೇಕಿದ್ದದ್ದು ಅದೇ. ವಾರ ಕಳೆಯುವುದರೊಳಗೆ ಬಸ್ ನಿಲ್ದಾಣದ ಗೋಡೆಯ ಮೇಲೆ ಅವಳ ನಗುಮುಖದ ದೊಡ್ಡ ಚಿತ್ರ, ಕೆಳಗೆ "ಸ್ವಾವಲಂಬನೆ" ಎಂದು ದಪ್ಪಕ್ಷರ. ಚಿತ್ರದ ಮೂಲೆಯಲ್ಲಿ ಮಾಸ್ಟರ ಶಟರೂ ಇತ್ತು, ಅರ್ಧ ಕತ್ತರಿಸಿಹೋಗಿತ್ತು. ಮಾಸ್ಟರು ಮೂರು ಸಲ ಹೋಗಿ ನೋಡಿಬಂದರು. ತಮ್ಮ ಅರ್ಧ ಶಟರ್ ಅವಳ ಮೊಣಕೈಗೆ ಹಿನ್ನೆಲೆಯಾದದ್ದನ್ನು ಸಹಿಸಲು ಅವರಿಂದಾಗಲಿಲ್ಲ.

ನನಗೆ ಈ ಮೇಡಂ ಮೇಲೂ ಸಿಟ್ಟಿದೆ, ಬೀದಿಯಲ್ಲಿ ಮಾಸ್ಟರ ಪರ ನಿಂತು ಗೊಣಗಿದವರ ಮೇಲೆ ಇನ್ನೂ ಹೆಚ್ಚು ಸಿಟ್ಟಿದೆ. ಊರು ಬಿಟ್ಟು ಬಂದವನು ಸುಮ್ಮನೆ ಕೂತರೆ ಸೋಮಾರಿ, ಕೂಲಿಗೆ ಹೋದರೆ ನಮ್ಮವರ ಕೂಲಿ ಕಿತ್ತವನು, ಸ್ವಂತ ಅಂಗಡಿ ಇಟ್ಟರೆ ನಮ್ಮ ತಲೆ ಮೇಲೆ ಕೂತವನು. ಹಾಗಾದರೆ ಅವನು ಮಾಡಬೇಕಾದದ್ದೇನು ಎಂದು ಕೇಳಿದರೆ ಯಾರ ಬಾಯಲ್ಲೂ ಉತ್ತರವಿಲ್ಲ. ಕಾಲರ್ ಅಕ್ಕ ಯಾರ ಕೆಲಸ ಕಿತ್ತಳು? ಬೋರ್ಡಿಗೆ ಕೆಂಪು ಗೆರೆ ಎಳೆದು ನಾವೇ ಬೀದಿಗೆಸೆದ ಕೆಲಸವನ್ನು ಬಗ್ಗಿ ಎತ್ತಿಕೊಂಡಳು. ಎಸೆದದ್ದನ್ನು ಇನ್ನೊಬ್ಬರು ಎತ್ತಿಕೊಂಡಾಗಲೇ ನಮಗೆ ಅದರ ಬೆಲೆ ಕಾಣುವುದು, ಇದು ಎಂಥ ಕಾಯಿಲೆಯೋ.

ಮಾಸ್ಟರ ಹೊಟ್ಟೆಕಿಚ್ಚು ಭಯವಾಗಿ ತಿರುಗಿದ್ದು ಇಸ್ತ್ರಿಯವನ ಒಂದು ಮಾತಿನಿಂದ. ಅವನು ಏನನ್ನೂ ಮನಸ್ಸಿನಲ್ಲಿಟ್ಟು ಹೇಳಿದ್ದಲ್ಲ, ನಾಲಿಗೆ ಸುಮ್ಮನಿರಲಾರದ ಆಸಾಮಿ.

"ಮಾಸ್ಟ್ರೇ, ನಿಮ್ಮ ಶರ್ಟು ಅಂದ್ರೆ ಅಕ್ಕ ಒಂದಿನ ಜಾಸ್ತಿ ಕೇಳ್ತಾಳಲ್ಲ, ಯಾಕೆ?"

"ಏನಂತೆ?"

"ಬೇರೆಯವ್ರದ್ದು ಸುಮ್ನೆ ಬಿಚ್ಚಿ ಮಗುಚಿ ಹೊಲಿತಾಳೆ. ನಿಮ್ಮದು ಬಂದ್ರೆ ಒಳಗೆ ಕೆಲಸ ಇದೆ ಅಂತಾಳೆ."

ಒಳಗಿನ ಕೆಲಸ ಏನೆಂದು ಮಾಸ್ಟರಿಗೆ ಹೊಳೆಯಿತು. ನಿಜವಾದ ಬಕ್ರಂ ಇದ್ದರೆ ಕಾಲರನ್ನು ಮಗುಚಿದರೆ ಸಾಕು. ಮೈದಾ ಚೀಲ ಹಾಗಲ್ಲ. ಗಂಜಿ ಹೋದ ಮೇಲೆ ಅದು ಮುದ್ದೆಯಾಗಿ ಮೂಲೆ ಸೇರಿರುತ್ತದೆ, ಕಾಲರಿನ ಹೊಟ್ಟೆ ಸೀಳಿ ಅದನ್ನು ಸರಿಮಾಡಲೇಬೇಕು. ಅಂದರೆ ಇಷ್ಟು ದಿನದಿಂದ ಅವಳು ಒಂದೊಂದಾಗಿ ಅವರ ಕಾಲರುಗಳ ಹೊಟ್ಟೆ ಸೀಳುತ್ತಿದ್ದಾಳೆ. ಗುಮಾಸ್ತನದು, ಮೇಷ್ಟ್ರದು, ಕಂಪೌಂಡರನದು. ಊರಿಡೀ ತಾವು ಹೊಲಿದು ಮುಚ್ಚಿದ್ದನ್ನು ಅವಳೊಬ್ಬಳು ಪಕ್ಕದಲ್ಲೇ ಕೂತು ಬಿಚ್ಚುತ್ತಿದ್ದಾಳೆ. ಯಾರಿಗೂ ಹೇಳಿಲ್ಲ. ಯಾಕೆ ಹೇಳಿಲ್ಲ? ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಹೇಳದೆ ಇಟ್ಟುಕೊಂಡಿರುವುದು ಮಾಸ್ಟರಿಗೆ ಹೇಳಿದ್ದಕ್ಕಿಂತ ಭಾರವಾಯಿತು.

ಆವತ್ತೇ ಬೀದಿ ವರ್ತಕರ ಸಂಘದ ಅಧ್ಯಕ್ಷರ ಅಂಗಡಿಗೆ ನಡೆದರು. ಅಧ್ಯಕ್ಷರದು ಪೇಂಟು, ಹಗ್ಗ, ಟಾರ್ಪಾಲಿನ ವ್ಯಾಪಾರ. ಮಿಲ್ಲಿನ ಅಂಗಳಕ್ಕೆ ಹಗ್ಗವೂ ಗೂಟವೂ ದುಪ್ಪಟ್ಟು ದರದಲ್ಲಿ ಹೋದದ್ದು ಅವರ ಅಂಗಡಿಯಿಂದಲೇ. ಆದರೂ ವಲಸೆ ಬಂದವರಿಂದ ಊರು ಹಾಳಾಯಿತು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುವವರು ಅವರೇ.

"ಅವಳನ್ನ ಎಬ್ಬಿಸ್ಬೇಕು ಸಾರ್. ಸಂಘದ ಸದಸ್ಯಳಲ್ಲ, ಅನುಮತಿ ಇಲ್ಲ, ಮೇಲಾಗಿ ನಮ್ಮ ಕೆಲಸ ಕೆಡಿಸ್ತಿದಾಳೆ."

"ಎಬ್ಬಿಸೋಣ. ಆದ್ರೆ ಎಲ್ಲರ ಮುಂದೆ ನೀವೇ ಹೇಳ್ಬೇಕು. ಆ ಮಹಡಿ ಅಜ್ಜಿ ಬಾಯಿಗೆ ನಾನೊಬ್ಬನೇ ಸಿಗಲ್ಲಪ್ಪ."

ಭಾನುವಾರ ಬೆಳಗ್ಗೆ ಮೆಟ್ಟಿಲ ಮುಂದೆ ಬೀದಿ ನೆರೆಯಿತು. ಅಧ್ಯಕ್ಷರಿಗೆ ಇಸ್ತ್ರಿಯವನೇ ಕುರ್ಚಿ ತಂದು ಹಾಕಿದ. ಅಜ್ಜಿ ಮಹಡಿಯ ಕಟಕಟೆಗೆ ಒರಗಿ ನಿಂತರು. ಕಾಲರ್ ಅಕ್ಕ ಮಿಷನ್ನಿನ ಹಿಂದೆಯೇ ಕೂತಿದ್ದಳು, ಕೈಯಲ್ಲಿ ಯಾರದೋ ಶರ್ಟಿನ ತೋಳು, ಕಣ್ಣು ಮಾತ್ರ ಹೊಲಿಗೆಯ ಮೇಲಿರಲಿಲ್ಲ. ಅವಳಿಗೆ ವಿಷಯ ಗೊತ್ತಿತ್ತು. ಇಲ್ಲಿಂದ ಎಬ್ಬಿಸಿದರೆ ಮತ್ತೆ ಡೇರೆ, ಮತ್ತೆ ತಟ್ಟೆ ಹಿಡಿದ ಸಾಲು, ಗೇಟಿನಲ್ಲಿ ಕೂತ ಗಂಡನ ಪಕ್ಕದಲ್ಲಿ ಕೂತು ರಸ್ತೆಯ ಸುದ್ದಿ ಕೇಳುವುದು.

"ಹೇಳಿ ಮಾಸ್ಟ್ರೇ," ಎಂದರು ಅಧ್ಯಕ್ಷರು.

ಮಾಸ್ಟರು ಕೆಮ್ಮಿದರು. ರೂಢಿ ತಪ್ಪಿದ ಗಂಟಲು, ಮೊದಲು ಸಣ್ಣಗೆ ಶುರುವಾಯಿತು. ಸಂಘ, ಸದಸ್ಯತ್ವ, ಅನುಮತಿ. ಜನ ಆಕಳಿಸಿದರು. ಮೇಲಿಂದ ಅಜ್ಜಿ, "ಜಾಗ ನಂದು, ಅನುಮತಿ ನಂದು, ಮೆಟ್ಟಿಲು ಇಷ್ಟು ಚೊಕ್ಕಟವಾಗಿ ಯಾವತ್ತೂ ಇರ್ಲಿಲ್ಲ, ಮುಂದಕ್ಕೆ ಹೇಳಪ್ಪಾ" ಎಂದರು. ಯಾರೋ ನಕ್ಕರು. ಆ ನಗು ಮಾಸ್ಟರ ನೆತ್ತಿಗೇರಿತು.

"ಕೆಲಸ! ಕೆಲಸದ ಮಾತಾಡೋಣ!" ಅಂತ ಕೂಗಿದರು. "ಮೇಲೆ ನೋಡೋಕೆ ಚಂದ ಕಾಣತ್ತೆ, ಯಾರಿಗೆ ಬೇಕು? ಇಷ್ಟು ವರ್ಷದಿಂದ ಹೇಳ್ಕೊಂಡು ಬಂದಿದೀನಿ. ಕಾಲರ್ ಅಂದ್ರೆ ಹೊರಗೆ ಕಾಣೋದಲ್ಲ, ಒಳಗಿರೋದು! ಇವಳು ಒಳಗೆ ಏನು ಕಸ ತುಂಬ್ತಾಳೋ ಯಾರಿಗೆ ಗೊತ್ತು?"

ಬಾಯಿಗೆ ರೂಢಿಯಾದ ಮಾತು, ಟೇಪು ಹಿಡಿದಾಗಲೆಲ್ಲ ತಾನಾಗಿ ಬರುತ್ತಿದ್ದದ್ದು. ಹೊರಬಿದ್ದ ಮೇಲೆ ಅದು ಎಲ್ಲಿಗೆ ಹೋಗುತ್ತಿದೆ ಎಂದು ಅವರಿಗೇ ತಿಳಿಯಿತು. ಅಷ್ಟರಲ್ಲಿ ತಡವಾಗಿತ್ತು. ಅಧ್ಯಕ್ಷರಿಗೆ ನ್ಯಾಯ ಹೇಳುವುದೆಂದರೆ ಪ್ರಾಣ.

"ಸರಿಯಾದ ಮಾತು. ಬಿಚ್ಚಿ ನೋಡೇಬಿಡೋಣ. ಯಾರದಾದ್ರೂ ಬೇಕಲ್ಲ... ನಂದೇ ಇದೆ! ಹೋದ ತಿಂಗಳು ನಮ್ಮ ಮನೆಯವಳು ಇವಳ ಹತ್ರ ಕೊಟ್ಟು ತಿರುಗಿಸಿದ್ದು." ಅಂದವರೇ ಎದ್ದು, ಗುಂಡಿ ಬಿಚ್ಚಿ, ಬನಿಯನ್ನಿನಲ್ಲಿ ನಿಂತು, ಶರ್ಟನ್ನು ಮಾಸ್ಟರ ಕೈಗಿಟ್ಟರು. "ಹೊಲಿದದ್ದೂ ನೀವೇ. ನಿಮಗಿಂತ ಬೇಕಾ? ಬಿಚ್ಚಿ."

ಇಸ್ತ್ರಿಯವನು ಬ್ಲೇಡು ತಂದುಕೊಟ್ಟ. ಇಂಥದ್ದಕ್ಕೆ ಅವನು ಯಾವಾಗಲೂ ಮುಂದು.

ಮಾಸ್ಟರು ಶರ್ಟು ಹಿಡಿದು ನಿಂತರು. ತಮ್ಮದೇ ಹೊಲಿಗೆ, ತಮ್ಮದೇ ಕತ್ತರಿಯ ತಿರುವು. ಬಕ್ರಂ ಊರಲ್ಲೇ ಇಲ್ಲ, ಅವಳು ಅದೇ ಚೀಲಕ್ಕೆ ಗಂಜಿ ಹಾಕಿ ಮತ್ತೆ ಒಳಗಿಟ್ಟಿರಬೇಕು. ಈ ಕಾಲರ್ ಬಿಚ್ಚಿದರೆ ಹೊರಬರುವುದು ತಾವಿಟ್ಟ ಮೈದಾ ಚೀಲ, ಅಂಚಿನಲ್ಲಿ ಹಿಟ್ಟಿನ ಗಿರಣಿಯ ಮುದ್ರೆಯ ಮಸಿಯೂ ಇದ್ದರೆ ಇರಬಹುದು. ಬೀದಿಯ ಮುಂದೆ, ಬನಿಯನ್ನಿನಲ್ಲಿ ನಿಂತ ಅಧ್ಯಕ್ಷರ ಮುಂದೆ. ಬ್ಲೇಡಿನ ತುದಿ ಹೊಲಿಗೆಗೆ ತಾಗಿತು. ತಾಗಿ ನಿಂತಿತು. ತಲೆ ಎತ್ತಿ ಮೆಟ್ಟಿಲ ಕೆಳಗೆ ನೋಡಿದರು, ಅವಳು ಗೆದ್ದ ನಗೆ ನಗುತ್ತಿರುತ್ತಾಳೆ ಎಂದು. ಅವಳು ನಗುತ್ತಿರಲಿಲ್ಲ. ಮುಖ ಸುಣ್ಣದಂತಾಗಿತ್ತು. ಎದ್ದು ನಿಂತಿದ್ದಳು, ತಲೆ ಮೆಟ್ಟಿಲಿಗೆ ಬಡಿದದ್ದೂ ಗೊತ್ತಾದಂತಿರಲಿಲ್ಲ.

ಇವಳಿಗೇನು ಭಯ? ಮಾಸ್ಟರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಪುರಸೊತ್ತೂ ಇರಲಿಲ್ಲ.

"ಏನ್ರೀ, ಚಳಿ ಆಗ್ತಿದೆ," ಎಂದರು ಅಧ್ಯಕ್ಷರು.

ಮಾಸ್ಟರು ಕಾಲರನ್ನು ಬೆರಳಿನಿಂದ ನೀವಿದರು. ಬೆಳಕಿಗೆ ಹಿಡಿದರು. ಮಗುಚಿ ನೋಡಿದರು.

"ಬಿಚ್ಚೋದು ಬೇಡ ಸಾರ್."

"ಯಾಕೆ?"

"ಹೊಲಿಗೆ ನೋಡಿದ್ರೇ ಗೊತ್ತಾಗತ್ತೆ." ಬ್ಲೇಡನ್ನು ಇಸ್ತ್ರಿಯವನ ಕೈಗೆ ತಿರುಗಿ ಕೊಟ್ಟರು. "ಕೆಲಸ... ಚೆನ್ನಾಗಿದೆ. ಒಳಗೂ ಚೆನ್ನಾಗೇ ಇರತ್ತೆ."

ಮೇಲಿಂದ ಅಜ್ಜಿ, "ಇಷ್ಟು ಹೇಳೋಕೆ ಊರು ಸೇರಿಸ್ಬೇಕಿತ್ತೇನೋ? ಹೋಗ್ರೋ, ಮನೆಗೆ ಹೋಗ್ರೋ" ಎಂದರು. ಅಧ್ಯಕ್ಷರು ಶರ್ಟು ತೊಟ್ಟು, ಗುಂಡಿ ತಪ್ಪಾಗಿ ಹಾಕಿಕೊಂಡು, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಇಸ್ತ್ರಿಯವನನ್ನೇ ಗದರಿ ಹೋದರು. ಮಾಸ್ಟರು ದೊಡ್ಡ ಮನಸ್ಸಿನವರು ಎಂದು ಮೇಷ್ಟ್ರು ಬೇರೆ ಹೇಳಿದರು. ಹೊಟ್ಟೆಕಿಚ್ಚಿನವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ಕೋರ್ಟೂ ಕೊಟ್ಟಿಲ್ಲ.

ಮಧ್ಯಾಹ್ನ ಬೀದಿ ಖಾಲಿಯಾದ ಮೇಲೆ ಮಾಸ್ಟರು ಮೊದಲ ಸಲ ಮೆಟ್ಟಿಲ ಕೆಳಗೆ ಬಗ್ಗಿದರು.

"ಹೇಳಮ್ಮ. ಎಷ್ಟು ದಿನದಿಂದ ಗೊತ್ತು?"

"ಮೊದಲ ಶರ್ಟಿಂದ."

"ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ಇದು ನಿಮ್ಮ ಊರು. ನಾನು ಹೇಳಿದ್ರೆ ನಾನೇ ಸುಳ್ಳಿ." ಅವಳು ಸ್ಟೂಲಿನಿಂದ ಎದ್ದು, ಅದರ ಮೇಲಿದ್ದ ಮೆತ್ತೆಯನ್ನು ತಟ್ಟಿ ತೋರಿಸಿದಳು. ಬಿಗಿಯಾಗಿ ತುಂಬಿ ಹೊಲಿದ ದಪ್ಪ ಮೆತ್ತೆ. "ಎಸೆಯೋಕೆ ಮನಸ್ಸು ಬರ್ಲಿಲ್ಲ ಮಾಸ್ಟ್ರೇ. ನಿಮ್ಮ ಬಕ್ರಂ ಎಲ್ಲಾ ಇದರೊಳಗಿದೆ. ದಿನಾ ಅದರ ಮೇಲೇ ಕೂತಿರ್ತೀನಿ. ಮೆತ್ತಗಿದೆ."

ಮಾಸ್ಟರ ಮುಖ ಕೆಂಪೇರಿತು. ಆದರೂ ಕಸುಬಿನ ಕುತೂಹಲ ಬಿಡಲಿಲ್ಲ.

"ಮತ್ತೆ ನೀನು ಒಳಗೆ ಇಡೋದೇನು? ಬಕ್ರಂ ಊರಲ್ಲೇ ಇಲ್ಲ."

ಅವಳು ಮಿಷನ್ನಿನ ಕೆಳಗಿನ ಡಬ್ಬಿಯಿಂದ ಒಂದು ತುಂಡು ತೆಗೆದು ಅವರ ಅಂಗೈ ಮೇಲಿಟ್ಟಳು. ಮಾಸ್ಟರು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು. ಗಟ್ಟಿ ನೇಯ್ಗೆ, ತೆಳು, ಬಿರುಸು. ಒಗೆದಿದ್ದರೂ ಹೊಗೆಯ ವಾಸನೆ ಪೂರಾ ಹೋಗಿರಲಿಲ್ಲ. ಅಂಚಿನಲ್ಲಿ ಒಂದು ನೀಲಿ ಪಟ್ಟಿ.

ಆ ನೀಲಿ ಪಟ್ಟಿ ಊರಿನಲ್ಲಿ ಗೊತ್ತಿಲ್ಲದವರು ಯಾರು? ಮಿಲ್ಲಿನ ಹಿಂದೆ ಕೊಳೆಯಲು ಬಿಟ್ಟ ಡೇರೆಯ ಒಳಬಟ್ಟೆ. ಮಗುವಿಗೆ ಚೀಲ ಹೊಲಿದವಳನ್ನು ಆಚೆಗೆ ಹಾಕಿಸಿದ ಬಟ್ಟೆ. ಅದು ಈಗ ಗುಮಾಸ್ತನ ಕುತ್ತಿಗೆಯಲ್ಲಿ, ಮೇಷ್ಟ್ರ ಕುತ್ತಿಗೆಯಲ್ಲಿ, ಇವರು ಬಂದು ಊರು ಹಾಳಾಯಿತು ಎನ್ನುವ ಅಧ್ಯಕ್ಷರ ಕುತ್ತಿಗೆಯಲ್ಲಿ ಬಿರುಸಾಗಿ ನಿಂತಿತ್ತು.

"ಬೆಳಗ್ಗೆ ಬಿಚ್ಚಿದ್ದಿದ್ರೆ..." ಎಂದರು ಮಾಸ್ಟರು, ತುಂಡನ್ನು ಮಗುಚುತ್ತ.

"ನಿಮ್ಮ ಚೀಲ ಸಿಕ್ತಿರ್ಲಿಲ್ಲ. ಇದು ಸಿಕ್ತಿತ್ತು. ಸಂಜೆಯೊಳಗೆ ನಾನೂ ನನ್ನ ಗಂಡನೂ ರಸ್ತೆ ಮೇಲೆ."

ಮಾಸ್ಟರಿಗೆ ಏನೋ ಹೊಳೆಯಿತು. ಬ್ಲೇಡು ಇನ್ನೊಂದೇ ಹೊಲಿಗೆ ಮುಂದೆ ಹೋಗಿದ್ದರೆ ತಾವು ಗೆಲ್ಲುತ್ತಿದ್ದರು. ಕೈಗೆ ಬಂದ ಗೆಲುವನ್ನು ಸ್ವಂತ ಕಳ್ಳತನಕ್ಕೆ ಹೆದರಿ ಬಿಟ್ಟುಕೊಟ್ಟಿದ್ದರು. ಆ ನೀಲಿ ಪಟ್ಟಿ ಈಗಲೂ ಅವರ ಅಂಗೈ ಮೇಲಿತ್ತು. ಮುಷ್ಟಿ ಮುಚ್ಚಿ ನೆಟ್ಟಗೆ ಅಧ್ಯಕ್ಷರ ಅಂಗಡಿಗೆ ನಡೆದರೆ ಸಾಕಿತ್ತು. ಅದು ಅವರ ತಲೆಯಲ್ಲಿ ಓಡಿದ್ದು ಅವಳಿಗೂ ಕಂಡಿತು.

"ತಗೊಂಡು ಹೋಗಿ ತೋರಿಸ್ತೀರಾ?"

ಮಾಸ್ಟರು ಇಷ್ಟು ದಿನ ಕುಟುಕುತ್ತಿದ್ದದ್ದನ್ನೇ ಕೇಳಿದರು. "ಊರಲ್ಲಿ ಇಷ್ಟು ಬೀದಿ ಇದೆ. ಇಷ್ಟು ಮೆಟ್ಟಿಲಿದೆ. ನನ್ನ ಪಕ್ಕದಲ್ಲೇ ಯಾಕೆ ಬಂದು ಕೂತೆ? ಆ ಮೇಡಂಗೆ ಹೇಳಿದ ಹಾಗೆ ಆಶೀರ್ವಾದ ಗೀಶೀರ್ವಾದ ಅನ್ಬೇಡ."

"ಹೊಟ್ಟೆಕಿಚ್ಚು," ಎಂದಳು ಕಾಲರ್ ಅಕ್ಕ.

"ಆಂ?"

"ಅನ್ನ ಅಲ್ಲಿ ಹಾಕ್ತಿದ್ರು ಮಾಸ್ಟ್ರೇ, ಹಸಿವಿಗೆ ಬಂದಿಲ್ಲ. ದಿನಾ ನೀರಿಗೆ ಬರ್ತಿದ್ನಲ್ಲ. ನೀವು ಶಟರ್ ಎತ್ತೋದು, ಕನ್ನಡಿ ಒರೆಸೋದು, ಕತ್ತರಿ ತಗೊಂಡು ಗಾಳೀಲಿ ಎರಡು ಸಲ ಕಚ್ ಕಚ್ ಅನ್ಸೋದು. ನೋಡ್ತಿದ್ದೆ. ನಂಗೂ ಶಟರ್ ಇತ್ತು. ನಿಮ್ಮದಕ್ಕಿಂತ ಅಗಲ. ಕನ್ನಡೀನೂ ನಿಮ್ಮದಕ್ಕಿಂತ ದೊಡ್ಡದು. ಗಂಡನ ಬಸ್ಸು ಹೊರಡೋ ಹೊತ್ತಿಗೆ ನಾನು ಬೀಗ ತೆಗೀತಿದ್ದೆ. ಈ ಮನುಷ್ಯನಿಗೆ ಇನ್ನೂ ಬೀಗ ಇದೆ, ನಂಗಿಲ್ಲ ಅಂತ ಮೈಯೆಲ್ಲ ಉರಿಯೋದು. ರಾತ್ರಿ ನಿದ್ದೇಲೂ ನಿಮ್ಮ ಶಟರ್ ಸದ್ದು. ಒಂದಿನ ಅನ್ನಿಸ್ತು, ಉರಿಯೋದು ಹೇಗಿದ್ರೂ ಉರಿಯತ್ತೆ, ಪಕ್ಕದಲ್ಲಿ ಕೂತೇ ಉರೀಲಿ. ನಿಮಗೂ ಸ್ವಲ್ಪ ತಾಗ್ಲಿ."

"ತಾಗ್ತು," ಎಂದರು ಮಾಸ್ಟರು, ಯೋಚಿಸದೆ.

ಅವಳು ನಕ್ಕಳು. ಅವರು ನಗಲಿಲ್ಲ. ತುಂಡನ್ನು ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ, ಹೊರಗೆ ಬರುವಾಗ ತಲೆ ಬಡಿಸಿಕೊಂಡರು.

ಈಗ ಅವರಿಬ್ಬರು ಅಣ್ಣ ತಂಗಿಯ ಹಾಗಿದ್ದಾರೆ ಎಂದು ಬರೆದರೆ ಓದುವವರಿಗೆ ಹಿತ. ಸುಳ್ಳು ಬರೆಯಲಾರೆ. ಮಾಸ್ಟರ ಬೋರ್ಡು ಹಾಗೇ ಇದೆ, ಕೆಂಪು ಗೆರೆಯೂ ಇದೆ. ಕನ್ನಡಿ ಇನ್ನೂ ಓರೆಯಾಗಿಯೇ ನಿಂತಿದೆ. ಹೊಸ ಸಂಗತಿಯೆಂದರೆ ಮೆಟ್ಟಿಲ ಕೆಳಗೂ ಒಂದು ಒಡೆದ ಕನ್ನಡಿಯ ಚೂರು ಬಂದಿದೆ, ಅದೂ ಮಾಸ್ಟರ ಬಾಗಿಲ ಕಡೆಗೆ ಓರೆ. ಅಜ್ಜಿಯನ್ನು ಕಾಡಿ ಬೇಡಿ ಆ ಜಾಗಕ್ಕೆ ಹಲಗೆಯ ಬಾಗಿಲು ಹಾಕಿಸಿಕೊಂಡಿದ್ದಾಳೆ, ಅದಕ್ಕೆ ಬೀಗವೂ ಇದೆ, ಬಾಗಿಲಿಗಿಂತ ಬೀಗವೇ ದೊಡ್ಡದು. ಬೆಳಗ್ಗೆ ಮೊದಲು ತೆರೆಯುವವರು ಯಾರು ಎಂಬುದು ಈಗ ಬೀದಿಯ ಪಂದ್ಯ. ಅವಳು ಬೇಗ ಬಂದಳೆಂದು ಇವರು ಇನ್ನೂ ಬೇಗ, ಇವರು ಬಂದರೆಂದು ಅವಳು ಕತ್ತಲಿರುವಾಗಲೇ. ಇಸ್ತ್ರಿಯವನು ನಿದ್ದೆಗೆಟ್ಟು ಇಬ್ಬರಿಗೂ ಶಾಪ ಹಾಕುತ್ತಾನೆ.

ಮೊನ್ನೆ ಅವಳಿಗೆ ತಡವಾಯಿತು. ಗಂಡನಿಗೆ ಜ್ವರವಂತೆ, ಅದು ಆಮೇಲೆ ತಿಳಿದದ್ದು. ಮಾಸ್ಟರು ಎಂದಿನಂತೆ ಮೊದಲೇ ಬಂದರು. ಗೆದ್ದರು ತಾನೆ? ಬೀಗ ತೆಗೆದು ಶಟರ್ ಎತ್ತಬೇಕು. ಎತ್ತಲಿಲ್ಲ. ಕೀಲಿಕೈ ಹಿಡಿದು ನಿಂತರು. ಹಲಗೆಯ ಬಾಗಿಲ ದೊಡ್ಡ ಬೀಗ ನೋಡಿದರು, ಮಿಲ್ಲಿನ ಕಡೆಯ ರಸ್ತೆ ನೋಡಿದರು, ಮತ್ತೆ ಬೀಗ ನೋಡಿದರು. ಹಾಲಿನವನು ಹೋದ, ಪೇಪರಿನವನು ಹೋದ. ನೋಡಿ ಉರಿಯುವವಳು ಇಲ್ಲದ ಮೇಲೆ ಶಟರ್ ಎತ್ತಿ ಏನು ಸುಖ?

ಕೊನೆಗೆ ಅವಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಳು, ಓಡೋಡುತ್ತ, ಬೆವರುತ್ತ.

"ಏನ್ ಮಾಸ್ಟ್ರೇ, ಕೀ ಮರ್ತು ಬಂದ್ರಾ?"

"ಇಲ್ಲಮ್ಮ. ಸುಮ್ನೆ ಗಾಳಿಗೆ ನಿಂತಿದ್ದೆ," ಎಂದು ಮಾಸ್ಟರು ಬಗ್ಗಿ, ಬೀಗ ತೆಗೆದು, ಎಷ್ಟು ಸದ್ದು ಮಾಡಲು ಸಾಧ್ಯವೋ ಅಷ್ಟೂ ಸದ್ದು ಮಾಡಿ ಶಟರ್ ಎತ್ತಿದರು.